ಹಸಿ ಹುಲ್ಲಿಗೆ ಬಣವೆ ಬೇಡ



ಯಕೃತ್ತಿನ ಚಪ್ಪಟೆ ಹುಳು ತಗುಲಿದ ದನ ಸೊರಗುತ್ತದೆ, ಹಾಲು ಇಳಿಸುತ್ತದೆ, ಗದ್ದದ ಕೆಳಗೆ ಬಾವು ಬರುತ್ತದೆ. ಬಸವನಹುಳುವಿನಿಂದ ಹೊರಬಿದ್ದ ಇದರ ಮರಿ, ನೀರಂಚಿನ ಹುಲ್ಲಿಗೂ ಭತ್ತದ ಬುಡಕ್ಕೂ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು ಕಾಯುತ್ತದೆ. ಹುಲ್ಲು ಕೊಯ್ದೊಡನೆ ಅದು ಸಾಯುವುದಿಲ್ಲ.

ಪ್ರಯೋಗಾಲಯದಲ್ಲಿ ಈ ಕೋಶಗಳನ್ನು ಜೀವಂತವಾಗಿಡಲು ನೀರಿನಲ್ಲಿ, ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡುತ್ತಾರೆ. ಹಾಗಿಟ್ಟರೆ ತಿಂಗಳುಗಟ್ಟಲೆ ಬದುಕುತ್ತವೆ; ಹಳತಾದಂತೆ ರೋಗ ತರುವ ಶಕ್ತಿ ಕುಂದುತ್ತದೆ. ಬಿಸಿಲಿಗೆ ಚೆನ್ನಾಗಿ ಒಣಗಿದರೆ ಬೇಗ ಸಾಯುತ್ತವೆ. ತೇವವೇ ಅವುಗಳ ಜೀವ.

ಹೀಗಿರುವಾಗ ಅರೆ ಒಣಗಿದ ಹುಲ್ಲನ್ನು ಬಣವೆ ಒಟ್ಟುವುದು ಹುಳುವನ್ನು ನಾವೇ ಸಾಕಿದಂತಲ್ಲವೇ? ಔಷಧಿ ಕುಡಿಸಿ ಮತ್ತೆ ಅದೇ ಮೇವು ಹಾಕುವುದು ತೂತು ಕೊಡಕ್ಕೆ ನೀರು ಹೊಯ್ದಂತೆ ಎಂಬುದು ನನ್ನ ಅಭಿಪ್ರಾಯ. ಪಶುವೈದ್ಯರು ಹೇಳಿದ ಔಷಧಿಯನ್ನು ತಪ್ಪದೆ ಕೊಡಿಸಿರಿ. ಜೊತೆಗೆ ಭತ್ತವನ್ನು ಬುಡದಿಂದ ತುಸು ಮೇಲಕ್ಕೆ ಕೊಯ್ಯಿರಿ. ಹುಲ್ಲನ್ನು ತೆಳ್ಳಗೆ ಹರಡಿ, ತಿರುವಿ ಹಾಕಿ, ಗರಿಗರಿಯಾಗಿ ಒಣಗಿಸಿರಿ. ಎತ್ತರದ ಜಾಗದಲ್ಲಿ ಬಣವೆ ಒಟ್ಟಿ, ಮಳೆನೀರು ಇಳಿಯದಂತೆ ಹೊದಿಸಿರಿ. ಕೆರೆಯಂಚಿನ ಹುಲ್ಲನ್ನು ಒಣಗಿಸದೆ ಹಾಕಬೇಡಿರಿ.

ಬಿಸಿಲಿಗೆ ಖರ್ಚಿಲ್ಲ, ಹಸುವಿನ ಬೆಲೆ ನಿಮಗೆ ಗೊತ್ತೇ ಇದೆ.