ಒನ್ ವೇ ಇದೆ ಮಿಸ್

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಹೈಸ್ಕೂಲುಗಳಿಗೆ ವರ್ಷಕ್ಕೊಮ್ಮೆ ಬಿ.ಎಡ್. ಮಿಸ್ಸುಗಳ ಕಾಲ ಬರುತ್ತದೆ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಸುರುಳಿ ಸುತ್ತಿದ ಚಾರ್ಟು, ಎದೆಗವಚಿಕೊಂಡ ಲೆಸನ್ ಪ್ಲಾನ್ ಪುಸ್ತಕ. ತಂಡದಲ್ಲಿ ಗಂಡುಹುಡುಗರೂ ಇರುತ್ತಾರೆ. ಆದರೂ ಮಕ್ಕಳ ಬಾಯಲ್ಲಿ ಅವರೆಲ್ಲರೂ 'ಬಿ.ಎಡ್. ಮಿಸ್ಸುಗಳೇ'. ಮಕ್ಕಳಿಗೆ ಇವರನ್ನು ಕಂಡರೆ ಇಷ್ಟ. ಬೈಯುವುದಿಲ್ಲ, ಚಿತ್ರ ತರುತ್ತಾರೆ, ಕೊನೇ ದಿನ ಚಾಕೊಲೇಟು ಹಂಚುತ್ತಾರೆ. ಹಿಂದಿನ ಬೆಂಚಿನಲ್ಲಿ ಕಾಲೇಜಿನ ಮೇಷ್ಟರು ಕೆಂಪು ಪೆನ್ನು ಹಿಡಿದು ಕೂತ ದಿನವಂತೂ ಇಡೀ ತರಗತಿ ಮಿಸ್ಸಿನ ಪಕ್ಷ. ಉತ್ತರ ಗೊತ್ತಿಲ್ಲದವರೂ ಕೈ ಎತ್ತುತ್ತಾರೆ. ಎತ್ತಿದವರೆಲ್ಲರನ್ನೂ ಕೇಳಲು ಹೊತ್ತಿರುವುದಿಲ್ಲ ಎಂಬ ಲೆಕ್ಕಾಚಾರ ಅವರಿಗೂ ಗೊತ್ತು.

ಬಿ.ಎಡ್. ಒಂದು ವರ್ಷದ್ದಾಗಿದ್ದಾಗ ಎಣಿಸಿ ಇಷ್ಟು ಪಾಠ ಎಂದು ಒಪ್ಪಿಸಿದರೆ ಮುಗಿಯುತ್ತಿತ್ತು. 2015ರಿಂದ ಕೋರ್ಸು ಎರಡು ವರ್ಷದ್ದಾಗಿದೆ, ಶಾಲೆಯಲ್ಲೇ ವಾರಗಟ್ಟಲೆ ಇರುವ ಇಂಟರ್ನ್‌ಶಿಪ್ ಬಂದಿದೆ. ಬದಲಾಗದೆ ಉಳಿದದ್ದು ಮೊದಲ ಪಾಠದ ಭಯ. ಅದರಲ್ಲೂ ಇಂಗ್ಲಿಷ್ ಮಾತಿನ ಪಾಠದ ಭಯ. ಪದ್ಯವೋ ವ್ಯಾಕರಣವೋ ಆದರೆ ಗೈಡು ಓದಿಕೊಂಡು ಹೋಗಬಹುದು. ಮಾತಿನ ಪಾಠದಲ್ಲಿ ಮುಂದಿನ ವಾಕ್ಯ ಯಾವುದೆಂದು ಮಗು ನಿರ್ಧರಿಸುತ್ತದೆ. ಮಾಗಡಿಯಲ್ಲೋ ಮಾಲೂರಿನಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ಬರೆದೇ ಕಲಿತು, ಈಗ ಹಾಸ್ಟೆಲಿನಲ್ಲಿದ್ದುಕೊಂಡು ಬರುವ ಹುಡುಗಿಗೆ ನಲವತ್ತು ನಿಮಿಷ ತಾನೂ ಮಾತಾಡಿ ಇನ್ನೊಬ್ಬರನ್ನೂ ಮಾತಾಡಿಸು ಎಂದರೆ ಏನಾದೀತು? ಇಡೀ ಪಾಠವನ್ನು ಬರೆದುಕೊಂಡು ಬರುತ್ತಾಳೆ. ಮಕ್ಕಳು ಕೊಡಬೇಕಾದ ಉತ್ತರವನ್ನೂ ಸೇರಿಸಿ.

ಈಚೆಗೆ ಚಾಮರಾಜಪೇಟೆಯ ಒಂದು ಶಾಲೆಯ ಎಂಟನೇ ತರಗತಿಯಲ್ಲಿ ಇಂಥದೊಂದು ಪಾಠ ಕೇಳಿದೆ. ದಾರಿ ಕೇಳುವುದು, ದಾರಿ ಹೇಳುವುದು, ಅಷ್ಟೇ ವಿಷಯ. ಬೋರ್ಡಿನ ಮೇಲೆ ಮುದ್ದಾದ ಅಕ್ಷರದಲ್ಲಿ ಸಂಭಾಷಣೆ ಸಿದ್ಧವಾಗಿತ್ತು. ಇಬ್ಬಿಬ್ಬರು ಮುಂದೆ ಬಂದು, ಕೈಕಟ್ಟಿ, ಒಬ್ಬರ ಮುಖ ಒಬ್ಬರು ನೋಡದೆ ಬೋರ್ಡು ನೋಡಿಕೊಂಡು ಒಪ್ಪಿಸಿದರು: ಎಕ್ಸ್‌ಕ್ಯೂಸ್ ಮಿ, ಕುಡ್ ಯೂ ಪ್ಲೀಸ್ ಟೆಲ್ ಮಿ ದ ವೇ ಟು ದ ಪೋಸ್ಟ್ ಆಫೀಸ್? ಆ ಪೋಸ್ಟ್ ಆಫೀಸು ಎಲ್ಲಿದೆಯೆಂದು ಕೇಳಿದವನಿಗೂ ಬೇಕಿರಲಿಲ್ಲ, ಹೇಳಿದವನಿಗೂ ಬೇಕಿರಲಿಲ್ಲ.

ಹತ್ತು ನಿಮಿಷ ಉಳಿದಿದ್ದಾಗ ಪಾಠ ಹೇಳುತ್ತಿದ್ದ ಬಿ.ಎಡ್. ಹುಡುಗಿ ತಾನೇ ಬರೆದ ಚಾರ್ಟು ಬಿಚ್ಚಿದಳು. ಮಕ್ಕಳ ಕೂಟ, ಉಮಾ ಟಾಕೀಸ್, ರಾಮಕೃಷ್ಣ ಆಶ್ರಮ, ನಡುವೆ ಕ್ರಾಸುಗಳು. ಇಲ್ಲಿಂದ ಆಶ್ರಮಕ್ಕೆ ಆಟೋ ಹೇಗೆ ಹೋಗಬೇಕು ಎಂದು ಕೇಳಿ, ಒಂದು ಅಡ್ಡರಸ್ತೆಯ ಮೇಲೆ ಕೋಲಿಟ್ಟಳು. ಅಲ್ಲಿಯವರೆಗೆ ಕಿಟಕಿ ನೋಡುತ್ತಿದ್ದ ಹುಡುಗನೊಬ್ಬ ಎದ್ದೇ ನಿಂತ. "ಮಿಸ್, ದಟ್ ಸೈಡ್ ಆಟೋ ನಾಟ್ ಗೋಯಿಂಗ್ ಮಿಸ್. ಒನ್ ವೇ. ಪೊಲೀಸ್ ಕ್ಯಾಚಿಂಗ್." ಅವನ ಅಪ್ಪನದೇ ಆಟೋ ಇದೆಯೆಂದು ಆಮೇಲೆ ತಿಳಿಯಿತು. ಆಚೆ ಸಾಲಿನ ಹುಡುಗಿ ಬಿಡಲಿಲ್ಲ: "ಮಾರ್ನಿಂಗ್ ನೋ ಪೊಲೀಸ್ ಮಿಸ್!" ತರಗತಿ ನಕ್ಕಿತು. ಕೊನೇ ಬೆಂಚಿನ ಇಬ್ಬರು ತಮ್ಮತಮ್ಮಲ್ಲೇ ಉರ್ದುವಿನಲ್ಲಿ ಜಗಳವಾಡಿ ತೀರ್ಮಾನಕ್ಕೆ ಬಂದರು. ಅವರಲ್ಲೊಬ್ಬಳು ಅದನ್ನು ನಾಲ್ಕೈದು ಇಂಗ್ಲಿಷ್ ಪದಗಳಲ್ಲಿ ಮಂಡಿಸಿದಳು. ಆ ದಿನ ಅಲ್ಲಿ ನಡೆದ ಇಂಗ್ಲಿಷ್ ಮಾತುಕತೆ ಅದೊಂದೇ.

ಪ್ರಶಿಕ್ಷಣಾರ್ಥಿಯ ಕಣ್ಣು ಹಿಂದೆ ಕೂತಿದ್ದ ಕಾಲೇಜಿನ ಮೇಷ್ಟರ ಕಡೆ ಹೋಯಿತು. ತಪ್ಪು ಇಂಗ್ಲಿಷನ್ನು ಬಿಟ್ಟರೆ ಅಂಕ ಹೋದೀತೆಂಬ ಹೆದರಿಕೆ. "ಸೇ, ದಿ ಆಟೋ ಡಸ್ ನಾಟ್ ಗೋ" ಎಂದು ಆ ಹುಡುಗನಿಂದ ಮತ್ತೆ ಮತ್ತೆ ಹೇಳಿಸಿದಳು. ಹೇಳಿ ಕೂತ. ಗಂಟೆ ಹೊಡೆಯುವವರೆಗೆ ಮತ್ತೆ ಬಾಯಿ ತೆರೆಯಲಿಲ್ಲ. ಪಾಠ ಪುಸ್ತಕದಲ್ಲಿ ಬಿದ್ದ ಷರಾ: ಬೋರ್ಡ್ ವರ್ಕ್ ಚೆನ್ನಾಗಿದೆ, ತಪ್ಪುಗಳನ್ನು ತಕ್ಷಣ ತಿದ್ದಿದ್ದೀರಿ, ಕೊನೆಯ ಹತ್ತು ನಿಮಿಷ ಶಿಸ್ತು ಸಡಿಲವಾಯಿತು.

ಆ ಹತ್ತು ನಿಮಿಷಕ್ಕೆ ಈ ಊರಿನಲ್ಲೇ ಒಂದು ವಂಶಾವಳಿ ಇದೆ. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ಜ್ಞಾನಭಾರತಿಯಲ್ಲಿ ಈಗಲೂ ಇದೆ. ಸರ್ಕಾರಿ ಶಾಲೆಯ ಮೇಷ್ಟರುಗಳು ತರಬೇತಿಗೆ ಹೋಗಿಬರುವ ಜಾಗ. ಆಗ ಎಲ್ಲೆಲ್ಲೂ ನಡೆಯುತ್ತಿದ್ದದ್ದು ವಾಕ್ಯದ ಅಚ್ಚುಗಳನ್ನು ಉರು ಹೊಡೆಸುವ ಪದ್ಧತಿ. ಮೇಷ್ಟರು ಬಾಗಿಲ ಕಡೆ ನಡೆಯುತ್ತಾ 'ನಾನು ಬಾಗಿಲ ಕಡೆ ನಡೆಯುತ್ತಿದ್ದೇನೆ' ಎಂದು ಇಂಗ್ಲಿಷಿನಲ್ಲಿ ಹೇಳುವುದು, ತರಗತಿ ಕೋರಸ್ಸಿನಲ್ಲಿ ಅದನ್ನೇ ಹೇಳುವುದು. ಇದರಿಂದ ಅಚ್ಚು ಬರುತ್ತದೆ, ಭಾಷೆ ಬರುವುದಿಲ್ಲ ಎಂದು ಅನುಮಾನಪಟ್ಟವರು ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು. 1979ರಿಂದ 1984ರವರೆಗೆ ಬೆಂಗಳೂರಿನ ಮತ್ತು ತಮಿಳುನಾಡಿನ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅವರೂ ಗೆಳೆಯರೂ ಬೇರೊಂದು ದಾರಿ ಹಿಡಿದು ನೋಡಿದರು. ವ್ಯಾಕರಣದ ಪಟ್ಟಿಯನ್ನೇ ಬದಿಗಿಟ್ಟರು. ತರಗತಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ತಂದರು. ಈ ರೈಲು ತಪ್ಪಿದರೆ ಮುಂದಿನದು ಎಷ್ಟಕ್ಕೆ, ಯಾವ ದಾರಿ ಹತ್ತಿರ ಎಂಬಂಥ ಪ್ರಶ್ನೆಗಳು. ಮೊದಲು ಮೇಷ್ಟರು ಇಡೀ ತರಗತಿಯ ಜೊತೆ ಒಂದು ಲೆಕ್ಕ ಬಿಡಿಸುವುದು, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರೇ ಬಿಡಿಸುವುದು. ರೈಲು ಸರಿಯಾಗಿದ್ದರೆ ಉತ್ತರ ಸರಿ. ಕ್ರಿಯಾಪದ ತಪ್ಪಿದರೆ ಮೇಷ್ಟರು ಅದನ್ನು ಸರಿಯಾಗಿ ತಾವೇ ಹೇಳಿ ಮುಂದೆ ಹೋಗುತ್ತಿದ್ದರು, ನಿಲ್ಲಿಸಿ ಪಾಠ ಮಾಡುತ್ತಿರಲಿಲ್ಲ. ಮಾತಾಡಲೇಬೇಕೆಂಬ ಬಲವಂತವೂ ಇರಲಿಲ್ಲ. ಒಂದು ಸಂಖ್ಯೆ, ಹೌದು, ಅಲ್ಲ, ಒಂದೇ ಪದ, ಏನಾದರೂ ನಡೆಯುತ್ತಿತ್ತು. ತಲೆ ಓಡಿಸಿ ತೀರ್ಮಾನಕ್ಕೆ ಬರಬೇಕಾದ ಕೆಲಸವಿದ್ದಾಗ ಮಕ್ಕಳ ಗಮನ ಅರ್ಥದ ಮೇಲೆ ನಿಲ್ಲುತ್ತದೆ, ಭಾಷೆ ಅದರ ಬೆನ್ನಿಗೇ ಬರುತ್ತದೆ ಎಂಬುದು ಪ್ರಭು ಅವರ ನಂಬಿಕೆ.

ಎಡಿನ್‌ಬರೋದ ಭಾಷಾ ವಿದ್ವಾಂಸ ಅಲನ್ ಡೇವಿಸ್, ಅಲನ್ ಬೆರೆಟಾ ಅವರೊಡನೆ ಸೇರಿ ಈ ಪ್ರಯೋಗವನ್ನು ಪರೀಕ್ಷಿಸಿ ಎಚ್ಚರಿಕೆಯ ಮಾತಿನಲ್ಲೇ ಮೆಚ್ಚಿದರು. 1987ರಲ್ಲಿ ಪ್ರಭು ಅವರ ಪುಸ್ತಕ ಆಕ್ಸ್‌ಫರ್ಡ್‌ನಿಂದ ಬಂತು. ಇಂದು ಜಗತ್ತಿನ ಭಾಷಾಬೋಧನೆಯ ಪಠ್ಯಗಳಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಎಂಬ ಹೆಸರು ಖಾಯಂ. ಗುಂಪಿನಲ್ಲಿ ಕೂರಿಸಿ ಕಲಿಸುವುದನ್ನು ಪ್ರಭು ಒಪ್ಪುತ್ತಿರಲಿಲ್ಲ. ಮಕ್ಕಳು ಪರಸ್ಪರರ ಹರಕು ಇಂಗ್ಲಿಷನ್ನೇ ಕೇಳಿ ಅದೇ ಗಟ್ಟಿಯಾದೀತೆಂಬ ಅಂಜಿಕೆ. ಕೊನೇ ಬೆಂಚಿನ ಆ ಉರ್ದು ಜಗಳ ನೋಡಿದ ಮೇಲೆ ಈ ಒಂದು ವಿಷಯದಲ್ಲಿ ನನಗೆ ಅವರ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ತನ್ನ ಭಾಷೆಯಲ್ಲಿ ವಾದಿಸಿ ಗೆದ್ದವಳಿಗೆ ಇಂಗ್ಲಿಷಿನಲ್ಲಿ ಹೇಳಲು ಏನೋ ಇತ್ತು.

ಹಾಗಾದರೆ ಪ್ರಭು ಅವರ ಈ ದಾರಿ ನಮ್ಮ ಶಾಲೆಯಲ್ಲಿ ಯಾಕೆ ಬೇರೂರಲಿಲ್ಲ? ದೊಡ್ಡ ತತ್ವವೇನೂ ಬೇಡ, ಅಂಕಪಟ್ಟಿ ನೋಡಿದರೆ ಸಾಕು. ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆಯಾದರೆ ಲಿಖಿತ ಪರೀಕ್ಷೆಗೆ 80, ಆಂತರಿಕಕ್ಕೆ 20. ಬೋರ್ಡಿನ ಪರೀಕ್ಷೆಯಲ್ಲಿ ಮಗು ಬಾಯಿ ಬಿಡುವ ಪ್ರಸಂಗವೇ ಇಲ್ಲ. 2007ರಿಂದ ಸರ್ಕಾರಿ ಶಾಲೆಯ ಒಂದನೇ ತರಗತಿಗೇ ಇಂಗ್ಲಿಷ್ ಬಂತು. ಹತ್ತು ವರ್ಷ ಕಲಿತ ಮಗುವನ್ನು ಕೊನೆಗೆ ಯಾರೂ ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದಿಲ್ಲ. ಶಾಲೆ ಬಿಟ್ಟ ಈ ಕೆಲಸವನ್ನು ಅಂಗಡಿ ಎತ್ತಿಕೊಂಡಿತು. ಕಪಿಲ್ ದೇವ್ ಜಾಹೀರಾತು ಕೊಟ್ಟ ರ್‍ಯಾಪಿಡೆಕ್ಸ್ ಪುಸ್ತಕದಿಂದ ಹಿಡಿದು ಗಾಂಧಿಬಜಾರಿನ ಕಂಬಕ್ಕೆ ಅಂಟಿಸಿದ ಸ್ಪೋಕನ್ ಇಂಗ್ಲಿಷ್ ಚೀಟಿಯವರೆಗೆ ಎಲ್ಲರೂ ಮಾರುವುದು ಆ ಬೋರ್ಡಿನ ಸಂಭಾಷಣೆಯನ್ನೇ.

ಇಂಗ್ಲಿಷಿನ ಬಗ್ಗೆ ಕನ್ನಡ ಪತ್ರಿಕೆಗೇಕೆ ಚಿಂತೆ ಎನ್ನುವವರಿಗೆ: ಬಿ.ಎಂ.ಶ್ರೀ., ಅಡಿಗ, ಲಂಕೇಶ್ ಎಲ್ಲರೂ ಹೊಟ್ಟೆಪಾಡಿಗೆ ಇಂಗ್ಲಿಷ್ ಪಾಠ ಹೇಳಿದವರು. 1981ರಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೊಡಿ ಎಂದು ವರದಿ ಬರೆದ ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಇಂಗ್ಲಿಷನ್ನು ಕನ್ನಡದ ಮೂಲಕ ಚೆನ್ನಾಗಿ ಕಲಿಸಿದ್ದರೆ, ಮಾತಿಗಾಗಿಯೇ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಎತ್ತಿಹಾಕುವ ತಾಯ್ತಂದೆಯರಲ್ಲಿ ಎಷ್ಟೋ ಮಂದಿ ನಿಲ್ಲುತ್ತಿದ್ದರು ಎಂದು ನನ್ನ ಗಟ್ಟಿ ಅನಿಸಿಕೆ.

ಮುಂದಿನ ಸಂಚಿಕೆಯಲ್ಲಿ ಶಿಕ್ಷಕರ ಮೊದಲ ಪಾಠಗಳಿಗೆಂದೇ ಕೆಲವು ಪುಟ ತೆಗೆದಿಟ್ಟಿದ್ದೇವೆ. ಅಟ್ಟದ ಮೇಲೆ ಹಳೆಯ ಲೆಸನ್ ಪ್ಲಾನ್ ಪುಸ್ತಕ ಇಟ್ಟುಕೊಂಡಿರುವ ಮೇಷ್ಟರು, ಮೇಡಮ್ಮುಗಳು ಒಂದು ಪುಟದ ನಕಲು ಕಳಿಸಬೇಕು. ಕೆಂಪು ಶಾಯಿಯ ಷರಾ ಇರುವ ಪುಟವಾದರೆ ಒಳ್ಳೆಯದು. ಕಾಲೇಜಿನ ಹೆಸರು, ಷರಾ ಬರೆದವರ ಸಹಿ ಮುಚ್ಚಿಯೇ ಕಳಿಸಿ. ಆ ದಿನ ತರಗತಿಯಲ್ಲಿ ಯಾವ ಮಗು ಏನು ಅಂದಿತೆಂದು ನೆನಪಿದ್ದರೆ, ಅದರ ವ್ಯಾಕರಣ ತಿದ್ದದೆ ಹಾಗೇ ಬರೆಯಿರಿ.