ಎಮ್ಮೆಗೆ ಹೆದರದ ಹಕ್ಕಿ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಅವುಗಳ ಬೆನ್ನಿಗೇ ಕ್ಯಾಮೆರಾಗಳೂ ಬರುತ್ತವೆ. ಒಂದು ಡಿಸೆಂಬರ್ ಬೆಳಿಗ್ಗೆ ನಾನೂ ಹೋಗಿದ್ದೆ. ಬಿಸಿಲು ಇನ್ನೂ ಓರೆಯಾಗಿತ್ತು, ನೀರಿಗೆ ಹಿತ್ತಾಳೆಯ ಬಣ್ಣ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಬಗ್ಗಿಕೊಂಡು ಹತ್ತು ಹೆಜ್ಜೆ ಇಟ್ಟೆ. ರೆಕ್ಕೆಯೊಳಗೆ ಕೊಕ್ಕು ಹುದುಗಿಸಿದ್ದ ಒಂದು ಹೆಬ್ಬಾತು ಕತ್ತು ನೆಟ್ಟಗೆ ಮಾಡಿತು. ಪಕ್ಕದ್ದೂ ಮಾಡಿತು. ಇನ್ನೆರಡು ಹೆಜ್ಜೆ ಇಡುವಷ್ಟರಲ್ಲಿ ಇಡೀ ಹಿಂಡು ಗಾಳಿಯಲ್ಲಿತ್ತು. ಅದೇ ದಂಡೆಯಲ್ಲಿ, ಹಕ್ಕಿಗಳಿಗೆ ನನಗಿಂತ ಹತ್ತಿರದಲ್ಲೇ, ನಾಲ್ಕು ಎಮ್ಮೆಗಳು ಕೆಸರು ತುಳಿಯುತ್ತ ಅಡ್ಡಾಡಿಕೊಂಡಿದ್ದವು. ಅವನ್ನು ಕಾಯುತ್ತಿದ್ದ ಹಿರಿಯರು ನಕ್ಕರು: “ಎಮ್ಮಿ ಅವುನ್ನ ನೋಡಾಕ ಬಂದಿಲ್ರಿ ಸರ. ನೀವು ನೋಡಾಕ ಬಂದೀರಿ.”

ಹಾಗಾದರೆ ನೋಡುವುದೂ ಒಂದು ಬಗೆಯ ಹಿಂಸೆಯೇ?

ಬಂದೂಕು ಹೋಗಿ ಕ್ಯಾಮೆರಾ ಬಂದದ್ದು ದೊಡ್ಡ ಬದಲಾವಣೆ, ಅದರಲ್ಲಿ ಅನುಮಾನವಿಲ್ಲ. ಭರತಪುರದ ಕೇವಲಾದೇವ್ ಜೌಗುಪ್ರದೇಶದಲ್ಲಿ 1938ರ ನವೆಂಬರ್‌ನ ಒಂದೇ ದಿನ ವೈಸ್‌ರಾಯ್ ಲಿನ್ಲಿತ್‌ಗೋ ಅವರ ಬೇಟೆ ತಂಡ 4,273 ಹಕ್ಕಿಗಳನ್ನು ಹೊಡೆದುರುಳಿಸಿತು. ಆ ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತಿಸಿಯೂ ಇಟ್ಟರು. ಇಂದು ಅದೇ ನೀರಿನ ದಂಡೆಯಲ್ಲಿ ಟ್ರೈಪಾಡ್‌ಗಳು ನಿಲ್ಲುತ್ತವೆ. ಆದರೆ ಆಯುಧ ಬದಲಾದಷ್ಟು ಬೇಗ ಅಭ್ಯಾಸ ಬದಲಾಗಲಿಲ್ಲ. ಹೊಂಚುವುದು, ಬೆನ್ನಟ್ಟುವುದು, ಸಂಜೆ ಕೂತು ಎಣಿಸುವುದು ಎಲ್ಲ ಉಳಿದುಕೊಂಡಿವೆ. ಕೆರೆಯಿಂದ ಮರಳಿದವರನ್ನು “ಏನೇನು ಸಿಕ್ಕಿತು?” ಎಂದೇ ಕೇಳುತ್ತೇವೆ. ತನ್ನತ್ತ ನೇರವಾಗಿ ನಡೆದು ಬರುವ ಮನುಷ್ಯನ ಕೈಯಲ್ಲಿರುವುದು ಕೋವಿಯೋ ಲೆನ್ಸೋ ಎಂದು ವಿಚಾರಿಸುತ್ತ ಕೂರಲು ಹೆಬ್ಬಾತಿಗೆ ಪುರುಸೊತ್ತಿಲ್ಲ.

“ಹಾರಿದರೇನಾಯಿತು, ಮತ್ತೆ ಬಂದು ಕೂರುತ್ತವೆ” ಎನ್ನುವವರಿದ್ದಾರೆ. ಕೂರುತ್ತವೆ, ನಿಜ. ಆದರೆ ಮಾಗಡಿಯ ಹೆಬ್ಬಾತುಗಳ ದಿನಚರಿ ನೋಡಿ: ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇವು, ಹಗಲು ನೀರಿನ ಮೇಲೆ ವಿಶ್ರಾಂತಿ. ನಾವು ಎಬ್ಬಿಸುವುದು ಅವು ನಿದ್ದೆ ಮಾಡುವ ಹೊತ್ತಿನಲ್ಲಿ. ಬೇಸಿಗೆ ಬರುವಷ್ಟರಲ್ಲಿ ಮೈಗೆ ಕೊಬ್ಬು ಸೇರಿಸಿಕೊಂಡು ಅವು ಹಿಮಾಲಯದಾಚೆಗೆ ಹೊರಡಬೇಕು. ಆ ದಾರಿಯಲ್ಲಿ 7,000 ಮೀಟರ್‌ಗೂ ಮೇಲೆ ಹಾರಿದ ದಾಖಲೆಯಿದೆ. ನನ್ನೊಬ್ಬನಿಂದ ಒಂದು ಸಲ ಎದ್ದರೆ ಅಂಥ ನಷ್ಟವಿಲ್ಲದಿರಬಹುದು. ಆದರೆ ದಂಡೆಗೆ ಬಂದ ಪ್ರತಿಯೊಬ್ಬನೂ ತನ್ನದು ಒಂದೇ ಸಲ ಎಂದುಕೊಂಡಿರುತ್ತಾನೆ.

ಚಿತ್ರಗಳಿಂದ ಹಕ್ಕಿಗಳಿಗೆ ಒಳ್ಳೆಯದೂ ಆಗಿದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ ಸ್ಪಷ್ಟವಾಗಿ ಮೂಡಿದ ಒಂದು ಫೋಟೊ ಎರಡು ದೇಶಗಳ ನಡುವಿನ ದಾರಿಗೆ ಸಾಕ್ಷಿಯಾಗಬಲ್ಲದು. ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಂಥ ಕೆರೆ ಉಳಿಯಬೇಕಾದರೆ ಅದರ ಮುಖ ನಾಲ್ಕು ಜನಕ್ಕೆ ಗೊತ್ತಿರಬೇಕು. ಆದರೆ ಇದಕ್ಕೆಲ್ಲ ಹಿಂಡನ್ನು ಎಬ್ಬಿಸಬೇಕಾಗಿಲ್ಲ. ಕೂತ ಹಕ್ಕಿಯ ಕೊರಳಪಟ್ಟಿಯನ್ನು ಓದುವುದೇ ಸುಲಭ.

ದೊಡ್ಡ ಲೆನ್ಸ್ ಕೊಂಡರೆ ಸಮಸ್ಯೆ ತೀರುತ್ತದೆಯೆ? ಇಲ್ಲ. ದೂರದ ಹಕ್ಕಿ ಹತ್ತಿರ ಕಂಡ ಕೂಡಲೇ ಅದರ ಕಣ್ಣು ಬೇಕೆನಿಸುತ್ತದೆ, ಕಣ್ಣು ಸಿಕ್ಕರೆ ಕಣ್ಣಿನೊಳಗಿನ ಹೊಳಪು. ಬದಲಾಗಬೇಕಾದದ್ದು ನಾವು ಹೋಗುವ ರೀತಿ. ಬೆಳಕು ಹರಿಯುವ ಮುನ್ನವೇ ಏರಿಯ ಕೆಳಗೆ ಹೋಗಿ ಕೂರುವುದು, ಕೂತಲ್ಲಿಂದ ಏಳದಿರುವುದು, ಒಂದು ಕತ್ತು ನೆಟ್ಟಗಾದರೂ ಅಲ್ಲಿಗೇ ನಿಲ್ಲುವುದು. ಆಗ ಬಾತುಗಳು ತಲೆ ನೀರಿಗಿಳಿಸಿ ಬಾಲ ಮೇಲೆತ್ತುತ್ತವೆ, ಚಲುಕದ ಬಾತುಗಳು ಅಗಲ ಕೊಕ್ಕಿನಿಂದ ನೀರು ಸೋಸುತ್ತ ಒಂದರ ಹಿಂದೊಂದು ಸುತ್ತುತ್ತವೆ. ಕಾದವನಿಗೇ ಒಳ್ಳೆಯ ಚಿತ್ರ ಸಿಗುತ್ತದೆ ಎಂದು ನಾನು ಹೇಳಲಾರೆ. ಅದು ಸಮಾಧಾನದ ಮಾತು. ಎಷ್ಟೋ ದಿನ ಏನೂ ಸಿಗುವುದಿಲ್ಲ. ಸಿಗದ ದಿನವೂ ಕೂತಲ್ಲೇ ಕೂರಬಲ್ಲೆನೆ ಎಂಬುದೇ ನಿಜವಾದ ಪರೀಕ್ಷೆ. ಹಕ್ಕಿ ತನ್ನ ಪಾಡಿಗೆ ತಾನಿದ್ದ ಹೊತ್ತಿನ ಚಿತ್ರವನ್ನಷ್ಟೇ ಹಕ್ಕಿಯ ಚಿತ್ರವೆನ್ನಬೇಕು. ಹೆದರಿ ಎದ್ದ ಹಿಂಡಿನ ಫೋಟೊ, ಅದೆಷ್ಟೇ ಸೊಗಸಾಗಿರಲಿ, ನನ್ನ ಹೆಜ್ಜೆಯ ಚಿತ್ರ.

ಮರುದಿನ ಆ ಹಿರಿಯರ ಪಕ್ಕದಲ್ಲೇ, ಎಮ್ಮೆಗಳ ಹಿಂದೆ ಕೂತೆ. ಆವತ್ತಿನ ಫೋಟೊ ನೋಡಿದ ಮನೆಯವರು “ಹಕ್ಕಿ ಎಲ್ಲಿ?” ಎಂದರು. ಬೆರಳಿಟ್ಟು ತೋರಿಸಬೇಕಾಯಿತು. ತುಂಬ ನೀರು, ಮೂಲೆಯಲ್ಲಿ ಒಂದು ಎಮ್ಮೆಯ ಬೆನ್ನು, ಅದರಾಚೆ ಕೊಕ್ಕು ರೆಕ್ಕೆಯೊಳಗಿಟ್ಟು ಮಲಗಿದ ಹದಿನೇಳು ಹೆಬ್ಬಾತುಗಳು.