ಮೊದಲು ‘ಕೂಡು’ ಅನ್ನೋಣ

ಗದಗಿನಲ್ಲಿ ನನ್ನ ತಂಗಿಯ ಮಗಳ ಮದುವೆ. ಮೂರು ವರ್ಷಗಳಿಂದ ಯಾವ ಮದುವೆ-ಮುಂಜಿವೆಗೂ ಬಾರದಿದ್ದ ನನ್ನ ಮಗ ಅಂದು ಬಂದಿದ್ದ. ಪಂಕ್ತಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸಿದ್ದನಷ್ಟೇ, ಎದುರು ಸಾಲಿನಿಂದ ದೂರದ ಸಂಬಂಧದ ಮಾವ ಕೇಳಿದರು: “ಏನಪಾ, ಸೆಟಲ್ ಆದಿಯೋ ಇಲ್ಲೋ?”

ಮಗನಿಗೆ ಮೂವತ್ಮೂರು. ಬೆಂಗಳೂರಿನಲ್ಲಿ ಅವನಿದ್ದ ಕಂಪನಿ ಅವನ ಇಡೀ ವಿಭಾಗವನ್ನೇ ಮುಚ್ಚಿತ್ತು. ಅಂದಿನಿಂದ ಆರು ತಿಂಗಳ ಗುತ್ತಿಗೆ ಇಲ್ಲಿ, ಎಂಟು ತಿಂಗಳ ಗುತ್ತಿಗೆ ಅಲ್ಲಿ. “ಇನ್ನೂ ಇಲ್ರಿ ಮಾಮಾ” ಎಂದವನು ತಲೆ ಎತ್ತದೆ ಉಂಡ. ಮಜ್ಜಿಗೆ ಬರುವ ಮೊದಲೇ ಎದ್ದ.

ಆ ಮಾವ ಕೆಟ್ಟವರಲ್ಲ. ನನ್ನ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗಿದವರು. ಅವರು ಕೇಳಿದ್ದು ಅಕ್ಕರೆಯಿಂದಲೇ. ಆದರೆ ಆ ಅಕ್ಕರೆಗೆ ಅವರ ಬಾಯಲ್ಲಿ ಸಿಕ್ಕ ಶಬ್ದ ನನ್ನ ಮಗನ ಎಲೆಯ ಮೇಲೆ ಕಲ್ಲಿನಂತೆ ಬಿತ್ತು. ಆ ಶಬ್ದದ ಬಗ್ಗೆ ನಾನು ಮಾತಾಡಲೇಬೇಕು. ಹದಿನಾಲ್ಕು ವರ್ಷ ಅದರ ಹೆಸರಿನ ವಿಭಾಗದಲ್ಲೇ ಕೂತು ಕೆಲಸ ಮಾಡಿದವಳು ನಾನು.

ಹುಬ್ಬಳ್ಳಿ ರೈಲ್ವೆ ಕಚೇರಿಯಲ್ಲಿ ನಾನು ಗುಮಾಸ್ತೆಯಾಗಿ ಸೇರಿದಾಗ ಅದು ದಕ್ಷಿಣ ಮಧ್ಯ ರೈಲ್ವೆ. 2003ರಲ್ಲಿ ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರವಾಯಿತು. ಕೊನೆಯ ಹದಿನಾಲ್ಕು ವರ್ಷ ನನ್ನನ್ನು ಹಾಕಿದ್ದು ಸೆಟಲ್‌ಮೆಂಟ್ ಸೆಕ್ಷನ್ನಿಗೆ. ನಿವೃತ್ತರಾಗುವವರ ಲೆಕ್ಕ ಮುಗಿಸಿಕೊಡುವ ಮೇಜು ಅದು. ಗ್ರ್ಯಾಚ್ಯುಟಿ, ಪಿ.ಎಫ್., ಉಳಿದ ರಜೆಯ ಹಣ, ಅದೂ ಹೆಚ್ಚೆಂದರೆ 300 ದಿನದ್ದು. ಪಿಂಚಣಿಯ ಶೇ 40ರವರೆಗಿನ ಭಾಗವನ್ನು ಬಿಟ್ಟುಕೊಟ್ಟು ಇಡಿಗಂಟು ಪಡೆಯಬಹುದು. ಹದಿನೈದು ವರ್ಷ ಕಳೆದ ಮೇಲೆ ಪೂರ್ತಿ ಪಿಂಚಣಿ ಮತ್ತೆ ಶುರುವಾಗುತ್ತದೆ. ಹಳಿಯ ಮೇಲೆ ಬಿಸಿಲಲ್ಲಿ ಸವೆದ ಗ್ಯಾಂಗ್‌ಮನ್‌ಗಳು ಕಿಟಕಿಗೆ ಬಂದು ಕೇಳುತ್ತಿದ್ದರು: “ಬಾಯಾರ, ನಂದು ಸೆಟಲ್‌ಮೆಂಟ್ ಆತೇನ್ರಿ?” ಅವರಿಗೆಲ್ಲ ಅರವತ್ತು ತುಂಬಿರುತ್ತಿತ್ತು. ಆ ಮೇಜಿನಲ್ಲಿ ಈ ಶಬ್ದ ಬರುತ್ತಿದ್ದದ್ದು ದುಡಿಮೆಯ ಕಟ್ಟಕಡೆಗೆ.

ಒಮ್ಮೆ, ಕೆಲಸದ ಮೇಲಿದ್ದಾಗಲೇ ತೀರಿಕೊಂಡ ಒಬ್ಬ ಕೀಮನ್‌ನ ಹೆಂಡತಿ ಬಂದಳು. ಕುಟುಂಬ ಪಿಂಚಣಿಗೆ ಅವಳ ಫೋಟೊ ಬೇಕಿತ್ತು. ಜೀವನದಲ್ಲಿ ಒಬ್ಬಳೇ ನಿಂತು ಫೋಟೊ ತೆಗೆಸಿಕೊಂಡವಳಲ್ಲ; ಅಂದು ಬೆಳಿಗ್ಗೆ ಸ್ಟೇಷನ್ ಹತ್ತಿರದ ಸ್ಟುಡಿಯೊದಲ್ಲಿ ತೆಗೆಸಿಕೊಂಡು ಬಂದಿದ್ದಳು. ಸ್ಟುಡಿಯೊದವರು ಹಚ್ಚಿದ ಪೌಡರು ಇನ್ನೂ ಕೆನ್ನೆಯ ಮೇಲಿತ್ತು. ಹೆಬ್ಬೆಟ್ಟು ಒತ್ತಿ, ಕಾಗದ ತೋರಿಸಿ, “ಇದು ಸೆಟಲ್ ಅಂದ್ರ ಏನ್ರಿ ಬಾಯಾರ?” ಎಂದಳು. “ಲೆಕ್ಕ ಮುಗೀತು ಅಂತವಾ” ಎಂದೆ. “ಅವರದು ಮುಗೀತ್ರಿ. ನಂದು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕಡತಕ್ಕೆ ಮಾತ್ರ ಹೊಂದುವ ಶಬ್ದವನ್ನು ನಾವು ಬದುಕಿಗೆ ಹಚ್ಚುತ್ತಿದ್ದೇವೆಯೇ ಎಂಬ ಅನುಮಾನ ನನ್ನೊಳಗೆ ಹುಟ್ಟಿದ್ದು ಅಂದು.

ಇಂಗ್ಲಿಷರು ಈ ಶಬ್ದವನ್ನು ಹೇಗೆ ಆಡುತ್ತಾರೆಂದು ಕಂಡದ್ದು ನಿವೃತ್ತಿಯ ನಂತರ, ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಮಗಳ ಮನೆಯಲ್ಲಿ. ಮೊಮ್ಮಗಳನ್ನು ಆಗಷ್ಟೇ ಶಿಶುವಿಹಾರಕ್ಕೆ ಬಿಡತೊಡಗಿದ್ದರು. ಮೊದಲ ದಿನಗಳಲ್ಲಿ ಒಂದೊಂದೇ ತಾಸು ಬಿಟ್ಟು ರೂಢಿ ಮಾಡಿಸುವುದಕ್ಕೆ ಅಲ್ಲಿ ‘ಸೆಟ್ಲಿಂಗ್ ಇನ್’ ಎನ್ನುತ್ತಾರೆ. ಕರೆತರಲು ಹೋದರೆ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ, “ಇವತ್ತು ಚೆನ್ನಾಗಿ ಸೆಟಲ್ ಆದಳು” ಎನ್ನುತ್ತಿದ್ದಳು. ಮರುದಿನ, “ಇವತ್ತು ಯಾಕೋ ಅನ್‌ಸೆಟಲ್ಡ್” ಎನ್ನುತ್ತಿದ್ದಳು. ಯಾರಿಗೂ ಗಾಬರಿಯಿಲ್ಲ. ಕೂಸು ಅತ್ತು ಅತ್ತು ಮಲಗಿದರೂ ಸೆಟಲ್. ನಡುರಾತ್ರಿ ಎದ್ದರೆ ಮತ್ತೆ ತಟ್ಟಿ ಸೆಟಲ್ ಮಾಡಬೇಕು. ಹವಾಮಾನ ವರದಿಯವನು ವಾರವಿಡೀ ಆಕಾಶವನ್ನು ‘ಅನ್‌ಸೆಟಲ್ಡ್’ ಎನ್ನುತ್ತಾನೆ. ಹಿಮ ಬಿದ್ದರೆ ಜನ ಕೇಳುವುದು, ಇದು ನೆಲದ ಮೇಲೆ ನಿಲ್ಲುತ್ತದೋ, ಕರಗುತ್ತದೋ ಎಂದು. ಅದಕ್ಕೂ ಇದೇ ಕ್ರಿಯಾಪದ. ಆ ಊರಲ್ಲಿ ಅದು ದಿನಕ್ಕೆ ಹತ್ತು ಸಲ ಆಗುವ, ಹತ್ತು ಸಲ ಕೆಡುವ ಸಣ್ಣ ಕೆಲಸ.

ಅದರ ಮೂಲ ಇನ್ನೂ ಸರಳ. ಹಳೆಯ ಇಂಗ್ಲಿಷಿನಲ್ಲಿ ‘ಸೆಟಲ್’ ಎಂದರೆ ಕೂರುವ ಜಾಗ. ಎತ್ತರದ ಬೆನ್ನಿನ ಉದ್ದನೆಯ ಮರದ ಬೆಂಚಿಗೆ ಇಂದಿಗೂ ಅಲ್ಲಿ ಅದೇ ಹೆಸರು. ಸಂಸ್ಕೃತದ ‘ಸದ್’ ಧಾತು ಅದರ ದೂರದ ದಾಯಾದಿ; ನಮ್ಮ ‘ಸದನ’ವೂ ‘ಉಪನಿಷತ್ತು’ ಕೂಡ ಆ ಮನೆತನದವೇ. ಕೂರುವುದು, ಹತ್ತಿರ ಕೂರುವುದು, ಇಷ್ಟೇ ಅದರ ಬೇರು.

ಅದನ್ನು ನಾವು ಏನು ಮಾಡಿಕೊಂಡೆವು? ಕನ್ನಡದಲ್ಲಿ ಅದಕ್ಕೆ ‘ಮಾಡು’ ಸೇರಿದರೆ ಬಿಲ್ಲು, ಜಗಳ. ‘ಆಗು’ ಸೇರಿದರೆ ಬದುಕು. ಅದೂ ‘ಆದ’, ಇಲ್ಲವೇ ‘ಆಗಿಲ್ಲ’. ನಡುವೆ ಏನೂ ಇಲ್ಲ. ಕಾಯಂ ನೌಕರಿ, ಸ್ವಂತ ಮನೆ, ಅಕ್ಷತೆ ಮೂರೂ ಸೇರಿದರೆ ಪಾಸು, ಒಂದು ಕಡಿಮೆಯಾದರೂ ಫೇಲು.

ನಮ್ಮಲ್ಲಿ ಮಾತಿಗೆ ಬರವಿತ್ತೇ? ಕೆಸರು ನೀರು ತಿಳಿಯಾಗುತ್ತದೆ. ಗಸಿ ತಳಕ್ಕೆ ಕೂಡುತ್ತದೆ. ಬಾಕಿ ಚುಕ್ತಾ ಆಗುತ್ತದೆ. ವ್ಯಾಜ್ಯ ಬಗೆಹರಿಯುತ್ತದೆ. ಪರಊರಿಗೆ ಹೋದವರು ನೆಲೆಸುತ್ತಾರೆ. ನಟ್ಟ ಸಸಿ ಬೇರು ಬಿಡುತ್ತದೆ. ಒಂದೊಂದಕ್ಕೂ ಒಂದೊಂದು ಮಾತು. ಇನ್ನು, ದುಡಿಯತೊಡಗಿದ ಹುಡುಗನನ್ನು ಕಂಡು ನನ್ನ ಅಪ್ಪ ಹೇಳುತ್ತಿದ್ದದ್ದು, “ಅಂವಾ ದಾರಿಗೆ ಹತ್ತಿದ.” ಆ ಮಾತನ್ನು ನಿಧಾನವಾಗಿ ನೋಡಿ. ದಾರಿಗೆ ಹತ್ತಿದವನು ಊರು ಮುಟ್ಟಿರುವುದಿಲ್ಲ. ನಡೆಯುತ್ತಿರುತ್ತಾನೆ. ನಡೆಯುವವನನ್ನು ಮೆಚ್ಚುವ ಮಾತು ನಮ್ಮದಾಗಿತ್ತು. ಅದನ್ನು ಬಿಟ್ಟು, ಕೂತವನನ್ನು ಮಾತ್ರ ಒಪ್ಪುವ ಮಾತನ್ನು ತಂದುಕೊಂಡೆವು.

ನಡೆಯುವವರನ್ನು ಹಿಡಿದು ಕೂರಿಸಿದ ಶಬ್ದವೂ ಇದೇ ಎಂಬುದನ್ನು ಹುಬ್ಬಳ್ಳಿಯವರು ಮರೆಯಬಾರದು. ನಮ್ಮೂರಲ್ಲಿ ‘ಸೆಟಲ್‌ಮೆಂಟ್’ ಎಂದೇ ಕರೆಯುವ ಭಾಗವಿದೆ. ಬ್ರಿಟಿಷ್ ಸರ್ಕಾರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಿಂದ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಹೆಸರಿಸಿತು. ಮುಂದೆ ಮುಂಬೈ ಪ್ರಾಂತ್ಯದ ವಿಜಯಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಅವರನ್ನು ಬೇಲಿಯೊಳಗೆ ಇಟ್ಟಿತು. ಹೊತ್ತುಹೊತ್ತಿಗೆ ಹಾಜರಿ. ಹೊರಗೆ ಹೋಗಲು ಚೀಟಿ. ಅವರ ತಪ್ಪು ಒಂದೇ, ಒಂದೂರಲ್ಲಿ ಕೂರದಿದ್ದದ್ದು. ಆ ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರ ಆಗಸ್ಟ್ 31ರಂದು, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಅವರ ನೋವಿಗೂ ನನ್ನ ಮಗನ ಮುಜುಗರಕ್ಕೂ ಹೋಲಿಕೆಯಿಲ್ಲ, ಬಲ್ಲೆ. ಆದರೆ ಒಂದೆಡೆ ಕೂರದವನನ್ನು ಅನುಮಾನದಿಂದ ನೋಡುವ ಕಣ್ಣು ಮಾತ್ರ ಆ ಶಬ್ದದ ಜೊತೆಗೇ ನಮ್ಮಲ್ಲಿ ಉಳಿದುಕೊಂಡಿದೆ.

ಇತ್ತ ಮುಂಡಗೋಡಿಗೆ ಹೋದರೆ ಅಲ್ಲಿ 1966ರಿಂದ ಇರುವ ಟಿಬೆಟನ್ನರ ಊರುಗಳಿಗೆ ಸರ್ಕಾರಿ ಕಾಗದದಲ್ಲಿ ‘ಸೆಟಲ್‌ಮೆಂಟ್’ ಎಂದಿದೆ. ಜನರ ಬಾಯಲ್ಲಿ ಇನ್ನೂ ‘ಕ್ಯಾಂಪು’. ಮರಳುವ ಆಸೆ ಜೀವಂತವಿರುವವರನ್ನು ಕಾಗದ ಸೆಟಲ್ ಮಾಡಲಾರದು. ಬ್ರಿಟಿಷರ ಕಾಲದ ಭೂಕಂದಾಯದ ಸೆಟಲ್‌ಮೆಂಟೂ ನಮ್ಮ ಮುಂಬೈ ಕರ್ನಾಟಕದಲ್ಲಿ ಮೂವತ್ತು ವರ್ಷಕ್ಕೆ ಮಾತ್ರ. ಆಮೇಲೆ ಮತ್ತೆ ಮೋಜಣಿ, ಮತ್ತೆ ದರ. ನೆಲದ ಲೆಕ್ಕಕ್ಕೇ ಅವಧಿಯಿದ್ದಾಗ ಮನುಷ್ಯನಿಗೆ ಏಕಿಲ್ಲ?

ಭದ್ರತೆ ಬೇಡವೇ ಎಂದು ಹಿರಿಯರು ಕೇಳಬಹುದು. ಬೇಕು. ತಿಂಗಳ ಕೊನೆಗೆ ಬರುವ ಪಿಂಚಣಿ ಒಂದು ಮನೆಯನ್ನು ಹೇಗೆ ನಿಲ್ಲಿಸುತ್ತದೆ ಎಂಬುದನ್ನು ನನಗಿಂತ ಹತ್ತಿರದಿಂದ ಕಂಡವರು ಕಡಿಮೆ. ಆದ್ದರಿಂದಲೇ ಹೇಳುತ್ತಿದ್ದೇನೆ. ನಮ್ಮ ಕಾಲದ ಆ ಭದ್ರತೆಯನ್ನು ಕೊಟ್ಟದ್ದು ನಮ್ಮ ಜಾಣತನವಲ್ಲ, ಅಂದಿನ ವ್ಯವಸ್ಥೆ. 2004ರ ಜನವರಿ 1ರಿಂದ ಕೇಂದ್ರ ಸರ್ಕಾರದ ನೌಕರಿಗೆ ಸೇರಿದವರನ್ನು ಹಳೆಯ ಪಿಂಚಣಿಯಿಂದ ಹೊರಗಿಟ್ಟರು. ಖಾಸಗಿ ಕಂಪನಿಯಲ್ಲಿ ಒಂದು ಇ-ಮೇಲ್ ಬಂದರೆ ಸಂಜೆಗೆ ಕುರ್ಚಿ ಖಾಲಿ. ಕುರ್ಚಿಯನ್ನೇ ತೆಗೆದುಬಿಟ್ಟು, “ಯಾಕೋ ಇನ್ನೂ ಕೂತಿಲ್ಲ?” ಎಂದು ಹುಡುಗರನ್ನು ಕೇಳುವುದು ಯಾವ ನ್ಯಾಯ? ಆ ಸಿಟ್ಟನ್ನು ಗುತ್ತಿಗೆ ಪದ್ಧತಿ ಬೆಳೆಸಿದವರ ಮೇಲೆ ತೋರಿಸೋಣ. ಊಟದ ಎಲೆಯ ಮುಂದೆ ಕೂತ ಮಕ್ಕಳ ಮೇಲೆ ಬೇಡ.

ನನ್ನ ಕೋರಿಕೆ ಸಣ್ಣದು. ಮುಂದಿನ ಮದುವೆಯಲ್ಲಿ ನಿಮ್ಮ ಅಣ್ಣನ ಮಗನೋ ಅಕ್ಕನ ಮಗಳೋ ಎದುರಾದಾಗ ಆ ಒಂದು ಪ್ರಶ್ನೆಯನ್ನು ಬಿಡಿ. ಕೆಲಸದ ಬಗ್ಗೆ ಕೇಳಬೇಕೆಂದರೆ ಕೆಲಸದ ಬಗ್ಗೆಯೇ ಕೇಳಿ: ಏನು ಮಾಡ್ತೀ, ಹೆಂಗ ನಡದದ, ಕೈಗೆ ಏನಾದರೂ ಬೇಕೇನು. ಅವಕ್ಕೆ ಉತ್ತರ ಕೊಡಬಹುದು. ‘ಸೆಟಲ್ ಆದಿಯೋ’ ಎಂಬುದಕ್ಕೆ ಕೊಡಲಾಗದು.

ಅಂದು ಗದಗಿನಿಂದ ಮನೆಗೆ ಬಂದಾಗ ರಾತ್ರಿ ಹತ್ತು ದಾಟಿತ್ತು. ನನ್ನ ಅವ್ವನಿಗೆ ಎಂಬತ್ತೆಂಟು, ಕಣ್ಣು ಮಂದ. ಮೊಮ್ಮಗನ ಹೆಜ್ಜೆಯ ಸಪ್ಪಳದಲ್ಲೇ ಏನೋ ತಿಳಿದುಕೊಂಡಳು. ಅಡಿಗೆಮನೆಯ ಗೋಡೆಗೆ ಆನಿಸಿಟ್ಟಿದ್ದ ಮಣೆಯನ್ನು ತಡವಿ ತಂದು ತನ್ನ ಪಕ್ಕ ಹಾಕಿ, “ಬಾ, ಕೂಡು” ಎಂದಳು. ಮತ್ತೇನೂ ಕೇಳಲಿಲ್ಲ. ಅವನು ಕೂತ. ಬಹಳ ಹೊತ್ತು ಸುಮ್ಮನಿದ್ದು, ಮೂರು ವರ್ಷದಲ್ಲಿ ನನಗೂ ಹೇಳದಿದ್ದದ್ದನ್ನೆಲ್ಲ ಒಂದೊಂದಾಗಿ ಅವಳಿಗೆ ಹೇಳತೊಡಗಿದ. ನಾನು ಒಳಗೆ ಹೋಗಿ ಅವನಿಗೆ ಮಜ್ಜಿಗೆ ಅನ್ನ ಕಲಸಿ ತಂದೆ.